ಎರವಲು ಸೊಂಟ

ಫೆಬ್ರವರಿ ೯

ಚಿನಕುರುಳಿಗೆ,

ಎಲ್ಲ ಚೆನ್ನಾಗಿದೆ ಎಂದು ಬರೆದರೆ ನೀನು ನಂಬುವವಳಲ್ಲ, ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಸೊಂಟ ಹಿಡಿದುಕೊಂಡಿದೆ ಕಣೇ. ಬೆಳಿಗ್ಗೆ ಏಳುವಾಗ ಮೈಯೆಲ್ಲ ಕೊರಡು. ಚಪ್ಪಲಿ ಹಾಕಿಕೊಳ್ಳೋಣವೆಂದು ಬಗ್ಗಿದರೆ ಬಲಗಡೆ ಸೊಂಟದ ಕೀಲು ಅಗುಳಿ ಹಾಕಿದ ಬಾಗಿಲಿನ ಹಾಗೆ ಅಲ್ಲಿಗೇ ನಿಂತುಬಿಡುತ್ತದೆ. ಕುರ್ಚಿಯಿಂದ ಏಳುವುದಕ್ಕೆ ಎರಡು ಕೈಯೂ ಬೇಕು. ಕುಕ್ಕರುಗಾಲಲ್ಲಿ ಕೂರುವುದಂತೂ ಮರೆತೇ ಹೋಗಿದೆ. ಬೇರೇನೂ ಬೇಡ, ಮೊದಲಿನ ಹಾಗೆ ಕುಕ್ಕರುಗಾಲಲ್ಲಿ ಕೂರಲು ಬಂದರೆ ಸಾಕು.

ಫೋನು ಮಾಡಲು ಹೋಗಬೇಡ. ಟವೆಲ್ ಮಿಲ್ಲಿನ ಮಗ್ಗಗಳು ನನ್ನ ಕಿವಿ ತಿಂದು ತೇಗಿ ಎಷ್ಟೋ ವರ್ಷವಾಯಿತು. ನೀನು ಅಲ್ಲಿಂದ ಅರಚುವುದು, ನಾನು ಇಲ್ಲಿಂದ 'ಆಂ? ಆಂ?' ಅನ್ನುವುದು, ಪಕ್ಕದ ಮನೆಯವರಿಗೆ ಬಿಟ್ಟಿ ನಾಟಕ.

ನಮ್ಮ ಬೀದಿಯ ಕೊನೆಯ ಪಾರ್ಕಿನಲ್ಲಿ ಒಬ್ಬ ಮಾಸ್ತರು ಬೆಳಿಗ್ಗೆ ಬೆಳಿಗ್ಗೆ ಮೈ ಸಡಿಲಿಸುವುದು ಹೇಳಿಕೊಡುತ್ತಾರೆ. ಚಕ್ಕಳಮಕ್ಕಳ ಕೂತಾಗ ಮಂಡಿ ನೆಲಕ್ಕೆ ತಾಗದಿದ್ದರೆ ಅವರೇ ತೊಡೆಯ ಮೇಲೆ ಹತ್ತಿ ನಿಲ್ಲುತ್ತಾರಂತೆ. ಕಟಕ್ ಅಂದರೆ ಕೀಲು ಬಿಟ್ಟಿತು ಅಂತ ಅರ್ಥವಂತೆ. ಫೀಸೂ ಇಲ್ಲ. ಸೋಮವಾರದಿಂದ ಸೇರುವುದೆಂದಿದೆ. ನೀನು ದಿನಬೆಳಗಾದರೆ ಇದೇ ಕೆಲಸ ಮಾಡುವವಳಲ್ಲವೆ, ಒಂದು ಮಾತು ಕೇಳೋಣ ಅಂತ ಬರೆದೆ.

ನಿನ್ನ ಭಾವ ಆರಾಮಾಗಿದ್ದಾರೆ. ಕುರ್ಚಿಯಲ್ಲಿ ಕೂತು ಎದುರುಮನೆಯವರು ಹಾಕಿಸುತ್ತಿರುವ ಟೈಲ್ಸ್‌ಗೆ ಕೊಂಕು ಹೇಳುವುದೇ ಕೆಲಸ.

ಟವೆಲ್ ಕಳಿಸಿದ್ದೇನೆ, ನೀನು ಕೇಳಿದ ದಪ್ಪದ್ದೇ. ಒಂಟಿ ಹೆಂಗಸಿಗೆ ವರ್ಷ ವರ್ಷ ಇಷ್ಟೊಂದು ಟವೆಲ್ ಯಾಕೆ ಬೇಕೋ ಆ ದೇವರೇ ಬಲ್ಲ.

ಅಕ್ಕ

ಫೆಬ್ರವರಿ ೧೪

ಅಕ್ಕಾ,

ಬೇಡ, ಬೇಡ, ಬೇಡ. ಮೂರು ಸಲ ಬರೆದಿದ್ದೇನೆ, ಕಿವಿಗಲ್ಲದಿದ್ದರೆ ಕಣ್ಣಿಗಾದರೂ ಕೇಳಿಸಲಿ.

ನಿನ್ನ ಕಾಗದವನ್ನು ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲೇ ಒಡೆದೆ. ತೊಡೆಯ ಮೇಲೆ ಹತ್ತಿ ನಿಲ್ಲುತ್ತಾರೆ ಅನ್ನುವ ಸಾಲಿಗೆ ಬಂದಾಗ 'ಅಯ್ಯಯ್ಯೋ!' ಎಂದು ಕಿರುಚಿಬಿಟ್ಟೆ. ವಾಕರ್ ಹಿಡಿದು ನಡೆಯುತ್ತಿದ್ದ ಅಜ್ಜ 'ನಾನೇನ್ ತಪ್ಪು ಮಾಡ್ದೆ ಮೇಡಂ?' ಎಂದು ನಿಂತಲ್ಲೇ ನಿಂತರು. ಮೂಳೆ ಮುರಿದವರು, ಕೀಲು ಬದಲಾಯಿಸಿಕೊಂಡವರು, ಇಂಥವರ ನಡುವೆಯೇ ನನ್ನ ದಿನ ಕಳೆಯುವುದು. ಆದರೂ ಇಷ್ಟು ಗಾಬರಿಯಾಗಿದ್ದು ನೆನಪಿಲ್ಲ. ಆ ಮಾಸ್ತರಿಗೆ ನನ್ನ ವಿಳಾಸ ಕೊಡು. ಅವರು ಹತ್ತಿ ನಿಂತವರೆಲ್ಲ ಕೊನೆಗೆ ಬರುವುದು ನನ್ನ ಹತ್ತಿರವೇ.

ನೋಡು, ಮೈ ಸಡಿಲಿಸುವ ವ್ಯಾಯಾಮ ಆರಿಸುವುದೆಂದರೆ ಚಪ್ಪಲಿ ಆರಿಸಿದ ಹಾಗೆ. ಪಕ್ಕದವಳ ಕಾಲಿಗೆ ಚಂದ ಕಂಡದ್ದು ನಿನ್ನ ಕಾಲನ್ನು ಕಚ್ಚಬಹುದು. ಯಾರ ಮೈ, ಅದಕ್ಕೆ ಏನೇನಾಗಿದೆ ಅನ್ನುವುದು ಮೊದಲು, ವ್ಯಾಯಾಮ ಆಮೇಲೆ. ಕಟಕ್ ಅನ್ನಿಸುವವರ ಹತ್ತಿರ, ನೋವಾದರೂ ಮಾಡು ಅನ್ನುವವರ ಹತ್ತಿರ, ಎಲ್ಲರಿಗೂ ಒಂದೇ ಮದ್ದು ಕೊಡುವವರ ಹತ್ತಿರ ಸುಳಿಯಬೇಡ. ಈಗ ಇದಕ್ಕೆ ಉತ್ತರ ಬರೆ. ಇತ್ತೀಚೆಗೆ ಬಿದ್ದಿದ್ದೀಯಾ? ಕಾಲು ಜೋಮು ಹಿಡಿಯುತ್ತದೆಯೆ? ಮಲಗಿದಾಗಲೂ ನೋವಿದೆಯೆ? ಸೊಂಟಕ್ಕೆ, ಬೆನ್ನಿಗೆ, ಮಂಡಿಗೆ ಆಪರೇಷನ್ ಏನಾದರೂ ಆಗಿದೆಯೆ? ನಿನಗೆ ಆಗಿದ್ದರೆ ನನಗೆ ಗೊತ್ತಿರುತ್ತಿತ್ತು, ಆದರೂ ಕೇಳುವುದು ಅಭ್ಯಾಸವಾಗಿಹೋಗಿದೆ.

ಭಾವ ಆರಾಮಾಗಿದ್ದಾರೆ ಅಂದೆ. ಇರಲಿ ಬಿಡು, ಸಂತೋಷ. ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ನಾನು ಅಂದದ್ದಾದರೂ ಏನು? ನನ್ನ ಹೊಸ ಮನೆಯ ಬಚ್ಚಲಿಗೆ ಅವರೇ ಬಂದು ಟೈಲ್ಸ್ ಹಾಕಿದರು, ನೀರು ಮೋರಿಗೆ ಹೋಗುವ ಬದಲು ನಡುಮನೆಗೆ ಬಂತು. ಊಟಕ್ಕೆ ಬಂದವರ ಮುಂದೆ ತಮಾಷೆಗೆ ಅಂದೆ, 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮನೇಲಿ ಕುಣಿಯೋರ ತಪ್ಪೇನಿಲ್ಲ, ನೆಲವೇ ಡೊಂಕು.' ಎಲ್ಲರೂ ನಕ್ಕರು. ಅವರು ತಟ್ಟೆ ಬಿಟ್ಟು ಎದ್ದರು. ಜೀವಮಾನವೆಲ್ಲ ನೆಲ ಮಾಡಿದವರಿಗೆ ಮೂಗಿನ ತುದಿಯಲ್ಲಿ ಅಷ್ಟು ಕೋಪ ಇರಬಾರದಪ್ಪ.

ಟವೆಲ್ ತಲುಪಿತು. ಯಾಕೆ ಬೇಕು ಅಂತ ಕೇಳಬೇಡ, ಬೇಕು.

ತಂಗಿ

ಫೆಬ್ರವರಿ ೨೦

ಚಿನಕುರುಳಿಗೆ,

ಅಬ್ಬಬ್ಬಾ, ಕಾಗದ ಒಡೆದರೆ ಪಟಾಕಿ ಹೊಡೆದ ಹಾಗಾಯಿತು. ಆಯಿತು ಮಾರಾಯ್ತಿ, ಪಾರ್ಕಿಗೆ ಹೋಗುವುದಿಲ್ಲ.

ನಿನ್ನ ಪ್ರಶ್ನೆಗಳಿಗೆ ಉತ್ತರ. ನಾನು ಬಿದ್ದಿಲ್ಲ. ಕಾಲು ಜೋಮು ಹಿಡಿಯುವುದಿಲ್ಲ. ಮಲಗಿದಾಗ ನೋವಿಲ್ಲ, ಏಳುವಾಗ ಬಿಗಿತ. ನನಗೆ ಯಾವ ಆಪರೇಷನ್ನೂ ಆಗಿಲ್ಲ, ಮೈಮೇಲೆ ಒಂದು ಹೊಲಿಗೆಯ ಗುರುತಿಲ್ಲ, ಬೇಕಾದರೆ ಬಂದು ನೋಡು. ಬೇಗ ಬರೆದು ಕಳಿಸು. ಮನೆಯಲ್ಲಿ ಹಾಸಿಗೆಯ ಮೇಲೆ ಮಾಡುವಂಥದ್ದಾದರೆ ಒಳ್ಳೆಯದು, ಓದಿಕೊಂಡು ಮಾಡುವುದಕ್ಕೆ ಸುಲಭವಾಗಿರಲಿ.

ನಿನ್ನ ಭಾವನ ವಿಷಯ ಬಿಡು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗಲೂ ನಿನ್ನ ಹೆಸರೆತ್ತಿದರೆ ಗೋಡೆ ಕಡೆ ತಿರುಗುತ್ತಾರೆ.

ಅಕ್ಕ

ಫೆಬ್ರವರಿ ೨೫

ಅಕ್ಕಾ,

ನಿನ್ನ ಉತ್ತರ ಓದಿ ಹಾಯೆನಿಸಿತು. ಇದು ವಯಸ್ಸಿನ ಬಿಗಿತ, ಜೊತೆಗೆ ಮಗ್ಗದ ಮುಂದೆ ನಿಂತು ನಿಂತು ಬಂದದ್ದು. ನಿನ್ನ ಮೈ ನನಗೆ ಗೊತ್ತಿಲ್ಲವೆ? ನಾನು ಅಳುವಾಗ ಸುಮ್ಮನಾಗಿಸಲು ಕಾಲಿನ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ತೋರಿಸುತ್ತಿದ್ದವಳು ನೀನು. ಅಂಥ ಕೀಲು ಎಲ್ಲಿಗೂ ಹೋಗಿಲ್ಲ, ಮುನಿಸಿಕೊಂಡು ಕೂತಿದೆ ಅಷ್ಟೆ.

ಮೊದಲು ಮನೆಯೊಳಗೇ ಸ್ವಲ್ಪ ಓಡಾಡು, ಮೈ ಬೆಚ್ಚಗಾಗಲಿ. ತಣ್ಣಗಿರುವ ಮೈಯನ್ನು ಎಳೆಯಬಾರದು. ಆಮೇಲೆ ಹಾಸಿಗೆಯ ಮೇಲೆ ಅಂಗಾತ ಮಲಗಿ, ಹಿಮ್ಮಡಿಯನ್ನು ಹಾಸಿಗೆಗೆ ಒತ್ತಿಕೊಂಡೇ ಮೆಲ್ಲಗೆ ನಿನ್ನ ಕಡೆಗೆ ಜಾರಿಸು, ಮತ್ತೆ ಬಿಡು. ಒಂದು ಕಾಲು, ಆಮೇಲೆ ಇನ್ನೊಂದು. ಅದಾದ ಮೇಲೆ ಎರಡೂ ಮಂಡಿ ಮಡಿಸಿ ಸೊಂಟವನ್ನು ಒಂದು ಗೇಣು ಮೇಲೆತ್ತಿ ಇಳಿಸು. ಅಡುಗೆಕಟ್ಟೆ ಹಿಡಿದು ನಿಂತು ಕಾಲನ್ನು ಹಿಂದಕ್ಕೆ, ಪಕ್ಕಕ್ಕೆ ಚಾಚು. ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಕೊನೆಗೆ. ಜಗ್ಗಿ ಜಗ್ಗಿ ಎಳೆಯಬೇಡ. ಉಸಿರು ಕಟ್ಟಬೇಡ. ಎಳೆತ ಬಂದರೆ ಅಲ್ಲೇ ಇರು, ನೋವು ಬಂದರೆ ಬಿಟ್ಟುಬಿಡು. ಕೀಲಿನ ಹತ್ತಿರ ಹಠ ನಡೆಯುವುದಿಲ್ಲ, ಕೇಳಿಕೊಂಡು ಹೋಗಬೇಕು.

ಬೆಳಗಿನ ಪಾಳಿಗೆ ಹೋಗುವವಳು, ಇದಕ್ಕೆ ಹೊತ್ತು ಯಾವಾಗ ಮಾಡಿಕೊಳ್ಳುತ್ತೀಯೋ ಬರೆ.

ತಂಗಿ

ಮಾರ್ಚ್ ೬

ಚಿನಕುರುಳಿಗೆ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಇವತ್ತು ಯಾರ ಸಹಾಯವೂ ಇಲ್ಲದೆ ಚಪ್ಪಲಿ ಕಾಲಿಗೇರಿತು! ಕುರ್ಚಿಯಿಂದ ಏಳುವಾಗ ಒಂದೇ ಕೈ ಸಾಕು. ಕುಕ್ಕರುಗಾಲಿನ ಅರ್ಧ ದಾರಿಗೆ ಬಂದು ನಿಂತಿದೆ, ಕೆಳಗಿಳಿಯಲು ಮಾತ್ರ ಆ ಅಗುಳಿ ಬಿಡುತ್ತಿಲ್ಲ. ಅದಕ್ಕೆ ಇನ್ನೊಂದು ಏನಾದರೂ ಬರೆ. ಸ್ವಲ್ಪ ಗಟ್ಟಿಯದ್ದೇ ಇರಲಿ. ಆತುರವಿದೆ. ಯಾಕೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ, ಆದರೆ ಇದೆ.

ಹೊತ್ತು ಹೇಗೋ ಆಗುತ್ತದೆ ಬಿಡು. ಪಾಳಿ ಮುಗಿಸಿ ಬಂದ ಮೇಲೆ ಆಗುತ್ತದೆ.

ಅಕ್ಕ

ಮಾರ್ಚ್ ೧೧

ಅಕ್ಕಾ,

ನನಗೆ ಎಷ್ಟು ಖುಷಿಯಾಯಿತೆಂದರೆ ವಾಕರ್ ಅಜ್ಜನಿಗೆ ನಿನ್ನ ಚಪ್ಪಲಿಯ ಕಥೆ ಹೇಳಿದೆ. ಅವರು 'ನಿಮ್ಮಕ್ಕ ಭಾಳ ಜೋರು' ಅಂದರು.

ಸರಿ, ಇನ್ನೊಂದು ಸೇರಿಸುತ್ತೇನೆ. ಇದು ಸೊಂಟದ ಹಿಂಬದಿಯ ಬಿಗಿತಕ್ಕೆ. ಅಂಗಾತ ಮಲಗಿ ಬಲಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಯ ಹತ್ತಿರ ತಂದುಕೋ. ಅಲ್ಲಿಂದ ಮೆಲ್ಲಗೆ ಎಡಭುಜದ ಕಡೆಗೆ ತಿರುಗಿಸು. ಉಸಿರು ಬಿಡುತ್ತಾ ಇನ್ನೊಂದು ಚೂರು. ನಿನ್ನಂಥ ಮೈಗೆ ಇದು ಲೀಲಾಜಾಲ. ಬೇರೆಯವರಿಗಾದರೆ ಕಣ್ಣಲ್ಲಿ ನೋಡದೆ ಇದನ್ನು ಬರೆಯುತ್ತಿರಲಿಲ್ಲ.

ಪಾಳಿ ಮುಗಿಸಿ ಸುಸ್ತಾಗಿ ಬಂದವಳು ಅವಸರ ಮಾಡಬೇಡ. ಮಾಡಿ ನೋಡಿ ತಕ್ಷಣ ಬರೆ.

ತಂಗಿ

ಮಾರ್ಚ್ ೨೪

ಅಕ್ಕಾ,

ಯಾಕೆ ಕಾಗದವಿಲ್ಲ? ಕುಕ್ಕರುಗಾಲಲ್ಲಿ ಕೂತವಳು ಏಳುವುದನ್ನೇ ಮರೆತೆಯಾ? ಒಂದು ಸಾಲು ಬರೆದು ಹಾಕು.

ತಂಗಿ

ಏಪ್ರಿಲ್ ೨

ತಂಗೀ,

ನಿಂತಿದ್ದರೆ ಕೂತುಕೋ. ಆಮೇಲೆ ಓದು.

ಆ ಸೊಂಟ ನನ್ನದಲ್ಲ. ನಿನ್ನ ಭಾವನದು.

ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಚಪ್ಪಲಿ ಹಾಕಿಕೊಳ್ಳಲು ಆಗದಿದ್ದದ್ದು ಅವರಿಗೆ. ಪಾರ್ಕಿನ ಮಾಸ್ತರ ಹತ್ತಿರ ಹೋಗುತ್ತೇನೆಂದು ಹಠ ಹಿಡಿದದ್ದೂ ಅವರೇ. ಮೂರು ವರ್ಷದ ಹಿಂದೆ ಅವರ ಬಲಗಡೆ ಸೊಂಟದ ಕೀಲು ಪೂರ್ತಿ ಸವೆದುಹೋಗಿ, ಆಪರೇಷನ್ ಮಾಡಿ ಲೋಹದ ಗುಂಡು ಕೂರಿಸಿದರು. ನಿನಗೆ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. 'ಅವಳಿಗೆ ಗೊತ್ತಾದ್ರೆ ಇದಕ್ಕೂ ಒಂದು ಗಾದೆ ಹೇಳ್ತಾಳೆ' ಅಂದರು. ಅವರಿಗಾಗಿ ಅಂತ ನಿನ್ನನ್ನು ಕೇಳಿದರೆ ಅವರು ಮಾಡುತ್ತಿರಲಿಲ್ಲ. ಅದಕ್ಕೇ ನನ್ನ ಹೆಸರಲ್ಲಿ ಬರೆದೆ. ಅವರಿಗೆ ಇದು ಮಿಲ್ಲಿನ ನರ್ಸು ಕೊಟ್ಟಿದ್ದು ಅಂದೆ. ಅಲ್ಲಿಗೂ ಸುಳ್ಳು, ಇಲ್ಲಿಗೂ ಸುಳ್ಳು.

ನೀನು ಆಪರೇಷನ್ ಆಗಿದೆಯೆ ಅಂತ ಕೇಳಿದಾಗ ಪೆನ್ನು ನಿಂತಿತು ಕಣೇ. 'ನಿನಗೆ' ಅಂತ ತಾನೇ ಕೇಳಿದ್ದಾಳೆ, ನನಗೆ ಆಗಿಲ್ಲ, ಅದನ್ನೇ ಬರೆಯೋಣ ಅಂದುಕೊಂಡೆ. ಹೊಸ ಕೀಲು ತಾನೇ, ಹಳೆಯದಕ್ಕಿಂತ ಗಟ್ಟಿಯಾಗೇ ಇರುತ್ತದೆ ಅಂತ ಧೈರ್ಯ.

ನಿನ್ನ ಹೊಸ ಕಾಗದ ಬಂದ ದಿನ ಅವರು ಹಾಸಿಗೆಯ ಮೇಲೆ ಮಲಗಿದ್ದರು. ನಾನು ಕಾಲ ಹತ್ತಿರ ನಿಂತು ಓದುತ್ತಿದ್ದೆ. ಮಂಡಿ ಹಿಡಿಯಿರಿ ಅಂದೆ, ಹಿಡಿದರು. ಎಡಭುಜದ ಕಡೆಗೆ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ತಿರುಗಿಸಿದರು. ನಾನು ಮತ್ತೆ ಕಾಗದಕ್ಕೆ ಕಣ್ಣು ಹಾಕಿ 'ಉಸಿರು ಬಿಡಿ, ಇನ್ನೊಂದು ಚೂರು' ಅಂತ ಓದಿದೆ. ಅವರು ಕೂಗಿದರಂತೆ. ಕೀಲು ಜಾರಿದ ಸದ್ದು ಹೊರಗಿನ ಜಗುಲಿಗೂ ಕೇಳಿಸಿತಂತೆ, ಪಕ್ಕದ ಮನೆಯವಳು ಹೇಳಿದಳು. ನನಗೆ ಕೇಳಿಸಲಿಲ್ಲ. ನಾನು ಓದುತ್ತಲೇ ಇದ್ದೆ, ಇನ್ನೊಂದು ಚೂರು, ಇನ್ನೊಂದು ಚೂರು ಅಂತ. ತಲೆಯೆತ್ತಿ ನೋಡಿದರೆ ಅವರ ಬಾಯಿ ತೆರೆದೇ ಇತ್ತು, ಮುಖ ಸುಣ್ಣ. ಬಲಗಾಲು ಗಿಡ್ಡವಾಗಿ ಒಳಕ್ಕೆ ತಿರುಗಿಕೊಂಡಿತ್ತು. ಪಕ್ಕದ ಮನೆಯವಳು ಓಡಿಬಂದು ನನ್ನ ಕೈಯಿಂದ ಕಾಗದ ಕಿತ್ತುಕೊಂಡಳು.

ಆಸ್ಪತ್ರೆಯಲ್ಲಿ ಮತ್ತು ಕೊಟ್ಟು ಕೀಲು ಕೂರಿಸಿದ್ದಾರೆ. ಈಗಲೂ ಅಲ್ಲೇ ಇದ್ದೇವೆ.

ಅಕ್ಕ

ಏಪ್ರಿಲ್ ೭

ಅಕ್ಕಾ,

ನಿಂತೇ ಓದಿದೆ. ಆಮೇಲೆ ಕುರ್ಚಿಯವರೆಗೆ ಹೋಗಲೂ ಆಗದೆ ನೆಲದ ಮೇಲೆ ಕೂತೆ.

ನೀನು ಏನು ಮಾಡಿದೆ ಗೊತ್ತಾ ನಿನಗೆ? ಕೀಲು ಬದಲಾಯಿಸಿದವರಿಗೆ ಏನೇನು ಮಾಡಬಾರದು ಅಂತ ನಾನು ದಿನಾ ಬಾಯಿ ನೋಯುವಷ್ಟು ಹೇಳುತ್ತೇನೆ. ಮಂಡಿಯನ್ನು ಎದೆಯವರೆಗೆ ಮಡಿಸಿ ಆಚೆ ಭುಜದ ಕಡೆ ತಿರುಗಿಸುವುದು ಅದರಲ್ಲಿ ಮೊದಲನೆಯದು. ಅದನ್ನೇ ನಾನು ಕೈಯಾರೆ ಬರೆದು, ಅಂಚೆ ಚೀಟಿ ಹಚ್ಚಿ ಕಳಿಸಿದ್ದೇನೆ! ಬೇಕಂತ ಆ ಕೀಲು ತಪ್ಪಿಸಬೇಕೆಂದು ಹುಡುಕಿದ್ದರೂ ಇದಕ್ಕಿಂತ ಚೆನ್ನಾಗಿ ಸಿಗುತ್ತಿರಲಿಲ್ಲ. 'ಉಸಿರು ಬಿಡು, ಇನ್ನೊಂದು ಚೂರು.' ನನ್ನ ಮಾತು. ಇಲ್ಲಿ ಯಾರಿಗೂ ಅದನ್ನು ಹೇಳಲು ಈಗ ನಾಲಿಗೆ ಏಳುತ್ತಿಲ್ಲ.

ಎರವಲು ಸೊಂಟ ತಂದು ತೋರಿಸಿದೆಯಲ್ಲೇ ಅಕ್ಕಾ! ನೋವು ಅವರದು, ಉತ್ತರ ನಿನ್ನದು. ಚಪ್ಪಲಿ ಅವರದು, ಹೊಲಿಗೆಯ ಗುರುತಿಲ್ಲದ ಮೈ ನಿನ್ನದು. ನಾನು ಎರಡನ್ನೂ ಸೇರಿಸಿ ಲೋಕದಲ್ಲೇ ಇಲ್ಲದ ಒಬ್ಬಳಿಗೆ ವ್ಯಾಯಾಮ ಆರಿಸಿದೆ. ನಿನ್ನೊಬ್ಬಳನ್ನೇ ಬಯ್ದು ಏನು ಮಾಡಲಿ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವಳು ನಾನು. ಬೆಳಗಿನ ಪಾಳಿಯವಳಿಗೆ ಹೊತ್ತೆಲ್ಲಿ ಅಂತ ಕೇಳಿದವಳು, ನೀನು ಹಾರಿಸಿ ಉತ್ತರ ಕೊಟ್ಟಾಗ ಸುಮ್ಮನಾದೆ.

ಒಂದು ಮಾತು ಮಾತ್ರ ತಲೆಗೆ ಹೋಗುತ್ತಿಲ್ಲ. ಈ ಆಪರೇಷನ್ ಮಾಡಿದ ಯಾವ ಡಾಕ್ಟರೂ ಎಚ್ಚರಿಕೆ ಹೇಳದೆ ಮನೆಗೆ ಕಳಿಸುವುದಿಲ್ಲ. ನಿಮಗೆ ಯಾರೂ ಹೇಳಲಿಲ್ಲವೆ? ನಾನು ರಜೆ ಹಾಕಿ ಹೊರಟು ಬರುತ್ತೇನೆ.

ತಂಗಿ

ಏಪ್ರಿಲ್ ೧೩

ತಂಗೀ,

ಬರಬೇಡ. ನೀನು ಬರುತ್ತೀಯ ಅಂದದ್ದಕ್ಕೆ ಅವರು ಊಟದ ತಟ್ಟೆ ದೂಡಿದರು. ಮಲಗಿದಲ್ಲಿಂದ ತಟ್ಟೆ ಬಿಟ್ಟು ಏಳಲಾಗುವುದಿಲ್ಲವಲ್ಲ, ಅದಕ್ಕೆ ದೂಡುವುದು.

ನೀನು ಕೇಳಿದ್ದನ್ನು ನಾನೂ ಡಾಕ್ಟರನ್ನು ಕೇಳಿದೆ. ಹೇಳಿದ್ದರಂತೆ! ಮೂರು ವರ್ಷದ ಹಿಂದೆ ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಎಲ್ಲ ಹೇಳಿದ್ದರಂತೆ. ಹೆಚ್ಚು ಬಗ್ಗಬೇಡಿ, ಕಾಲ ಮೇಲೆ ಕಾಲು ಬೇಡ, ಕುಕ್ಕರುಗಾಲು ಬೇಡ. ನಾನು ಪಕ್ಕದಲ್ಲೇ ನಿಂತಿದ್ದೆ ಕಣೇ. ನಾನು ತುಟಿ ನೋಡಿ ಮಾತು ಹಿಡಿಯುವವಳು, ಆ ಡಾಕ್ಟರು ಮುಖಕ್ಕೆ ಮಾಸ್ಕ್ ಕಟ್ಟಿದ್ದರು. ಹೊರಗೆ ಬಂದು ಇವರನ್ನು 'ಏನಂದ್ರು?' ಅಂತ ಕೇಳಿದೆ. 'ಏನಿಲ್ಲ, ಚೆನ್ನಾಗಿ ನಡೀಬೇಕಂತೆ' ಅಂದರು. ನ್ಯಾಯವಾಗಿ ಸಂಸಾರ ಮಾಡಿದ ಗಂಡ ಹೆಂಡತಿಗೆ ಹೇಳುವ ಮಾತಾ ಇದು? ನಾನು ಮೂರು ವರ್ಷ ಆ ಮಾತನ್ನು ನಂಬಿಕೊಂಡು ಇದ್ದೆ.

ಅಂದರೆ ಆ ದಿನ ನಾನು ಎಡಭುಜ ಅಂದಾಗ ನನ್ನ ಮುಖ ನೋಡಿದರಲ್ಲ, ಆಗ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ತಿರುಗಿಸಿದರು. ಯಾಕೆ ಅಂತ ಕೇಳಿದರೆ ಗೋಡೆ ನೋಡುತ್ತಾರೆ.

ಮೊನ್ನೆ ಹಾಸಿಗೆಯಲ್ಲಿ ಹೊರಳುವಾಗ ಮತ್ತೊಮ್ಮೆ ಜಾರಿತು, ಮತ್ತೆ ಕೂರಿಸಿದರು. ಸುತ್ತಲಿನ ಸ್ನಾಯು ಗಟ್ಟಿಯಾಗಬೇಕು, ಹೇಳಿದ ವ್ಯಾಯಾಮ ದಿನಾ ಮಾಡಬೇಕು, ಇಲ್ಲವಾದರೆ ಮತ್ತೆ ಕೊಯ್ಯಬೇಕಾಗುತ್ತದೆ, ಆಗಲೂ ನಡೆದಾಡುವ ಭರವಸೆ ಕೊಡಲಾಗುವುದಿಲ್ಲ ಎಂದು ಡಾಕ್ಟರು ಈ ಸಲ ಮಾಸ್ಕ್ ತೆಗೆದು ನನಗೇ ಹೇಳಿದರು. ಇವರು ಯಾರಿಗೂ ಕಾಲು ಮುಟ್ಟಗೊಡುತ್ತಿಲ್ಲ. ಇಲ್ಲಿಯ ವ್ಯಾಯಾಮದವನು ಬಂದರೆ ಕಂಬಳಿ ಎಳೆದುಕೊಳ್ಳುತ್ತಾರೆ. ಇವರು ಇನ್ನು ನಡೆಯುವುದಿಲ್ಲವೇನೋ ಅಂತ ಭಯವಾಗುತ್ತಿದೆ.

ನಿನ್ನ ಹಿಂದಿನ ಕಾಗದವನ್ನು ಅವರ ದಿಂಬಿನ ಹತ್ತಿರ ಇಟ್ಟು ಬಂದಿದ್ದೆ. ಓದಿದರೋ ಇಲ್ಲವೋ ಗೊತ್ತಿಲ್ಲ.

ಅಕ್ಕ

ಏಪ್ರಿಲ್ ೧೯

ನಾದಿನಿಗೆ,

ಮಲಗಿಕೊಂಡು ಬರೀತಿದೀನಿ, ಅಕ್ಷರ ಸೊಟ್ಟ. ನಿಮ್ಮಕ್ಕನಿಗೆ ಗೊತ್ತಿಲ್ಲ, ಟೀ ತರೋಕೆ ಹೋಗಿದಾಳೆ.

ನಿನ್ನ ಕಾಗದ ಓದಿದೆ. ನೀನು ಹೆದರಿಕೊಂಡಿದೀಯ. ಅದಕ್ಕೇ ಬರೀತಿರೋದು, ಬೇರೆ ಏನಕ್ಕೂ ಅಲ್ಲ.

ಮಿಲ್ಲಿನ ನರ್ಸು ಬರೆದದ್ದು ಅಂತ ನಿಮ್ಮಕ್ಕ ಓದಿದಳು. 'ಕೀಲಿನ ಹತ್ತಿರ ಹಠ ನಡೆಯುವುದಿಲ್ಲ' ಅಂತ ಬಂತು. ಯಾವ ನರ್ಸಮ್ಮ ಹಿಂಗೆ ಬಯ್ಯುತ್ತಾ ಬರೀತಾಳೆ? ಮೊದಲ ದಿನಾನೇ ಗೊತ್ತಾಯ್ತು, ಇದು ನಿನ್ನ ಬಾಯಿ ಅಂತ. ಗೊತ್ತಾಗದೇ ಇರೋ ಹಂಗೆ ಇದ್ದೆ. ಮಾಡ್ತಾ ಹೋದೆ, ಗುಣ ಕಾಣ್ತು. ನಿಮ್ಮಕ್ಕನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ, ಆಪರೇಷನ್ ವಿಷಯ ನಿನಗೆ ಯಾವಾಗಲೋ ಹೇಳಿರ್ತಾಳೆ, ನೀನು ಎಲ್ಲ ತಿಳಿದೇ ಬರೀತಿದೀಯ ಅಂದುಕೊಂಡೆ. ಕಡೇದು ಓದಿದಾಗ ನಿಮ್ಮಕ್ಕನ ಮುಖ ನೋಡಿದೆ. ಡಾಕ್ಟರು ಬೇಡ ಅಂದಿದ್ದೇ ಇದು. ಆಮೇಲೆ ಅನ್ನಿಸ್ತು, ಅವಳು ಇದೇ ಕೆಲಸದವಳು, ನನ್ನ ಕೀಲು ಗೊತ್ತಿದ್ದೇ ಹೇಳಿರ್ತಾಳೆ, ಮೂರು ವರ್ಷ ಆಯ್ತಲ್ಲ, ಈಗ ಮಾಡಬಹುದೇನೋ. ಡಾಕ್ಟರ ಮಾತು ಬಿಟ್ಟು ನಿನ್ನ ಮಾತು ಹಿಡಿದೆ.

ತಪ್ಪು ನಿನ್ನದಲ್ಲ. ನಿನಗೆ ಗೊತ್ತೇ ಇರಲಿಲ್ಲ ಅಂತ ನಿನ್ನ ಕಾಗದ ನೋಡಿದ ಮೇಲೇ ನನಗೆ ಗೊತ್ತಾಗಿದ್ದು.

ಇನ್ನೊಂದು ಮಾತು. ನಿನ್ನ ಬಚ್ಚಲು ಮಾಡುವಾಗಲೇ ನನಗೆ ಸೊಂಟ ಹೋಗಿತ್ತು. ನೀರು ಮೋರಿ ಕಡೆ ಹರಿಯೋ ಹಂಗೆ ಬಚ್ಚಲಿನ ನೆಲಕ್ಕೆ ವಾಟ ಕೊಡಬೇಕು ಅಂದ್ರೆ ಕುಕ್ಕರುಗಾಲಲ್ಲಿ ಕೂತು, ಏರುತಗ್ಗು ತೋರಿಸೋ ರಸಮಟ್ಟ ಇಟ್ಟು, ಕೆನ್ನೆ ನೆಲಕ್ಕೆ ಹಚ್ಚಿ ನೋಡಬೇಕು. ನನಗೆ ಕೂರೋಕಾಗಲಿಲ್ಲ. ಹೇಳೋಕೆ ನಾಚಿಕೆ. ನಿಂತುಕೊಂಡೇ ಕಣ್ಣಳತೇಲಿ ಹಾಕಿದೆ. ನೀರು ನಡುಮನೆಗೆ ಬಂತು. ನಿನ್ನ ಗಾದೆ ಸರಿಯಾಗೇ ಇತ್ತು ಕಣಮ್ಮ. ಕುಣಿಯೋಕಾಗದೇ ಇದ್ದೋನು ನಾನು, ಅದಕ್ಕೇ ನೆಲ ಡೊಂಕಾಯ್ತು. ಡಾಕ್ಟರು ಬೇಡ ಅಂದರೂ ಒಂದು ಸಲ ಕೂರಬೇಕು ಅಂತ ಹಠ ಹಿಡಿದದ್ದು ಅದಕ್ಕೆ. ಬಂದು ಅದನ್ನ ಕಿತ್ತು ಸರಿ ಮಾಡಿ ಹೋಗೋಣ ಅಂತಿತ್ತು. ಆಮೇಲೆ ಯಾವ ಕೆಲಸವೂ ಬೇಕಿರಲಿಲ್ಲ.

ಇನ್ನು ಅದು ಆಗಲ್ಲ. ಇಷ್ಟು ಹೊತ್ತಿಗೆ ಬೇರೆ ಯಾರ ಕೈಲಾದರೂ ಮಾಡಿಸಿರ್ತೀಯ. ಒಳ್ಳೇದಾಯ್ತು ಬಿಡು.

ಭಾವ

ಏಪ್ರಿಲ್ ೨೪

ಭಾವ,

ನೀವು ನನ್ನ ಮನೆಯಲ್ಲಿ ವಾರವೆಲ್ಲ ಕುಂಟಿಕೊಂಡು ಓಡಾಡಿದ್ದೀರಿ. ಬಾಗಿಲಿಂದ ಒಳಗೆ ಬರುವವರ ನಡಿಗೆ ನೋಡಿಯೇ ಯಾವ ಕೀಲು ಅಂತ ಹೇಳುವವಳು ನಾನು, ಸಂಬಳ ಕೊಡುವುದೇ ಅದಕ್ಕೆ. ಮನೆಯೊಳಗಿನ ಮನುಷ್ಯನನ್ನು ನೋಡಲಿಲ್ಲವಲ್ಲ! ನಿಮ್ಮ ಕಾಗದ ಓದಿದಾಗಿನಿಂದ ನನಗೆ ನಂಬಲಾಗುತ್ತಿಲ್ಲ. ನೀವಾದರೂ ಒಂದು ಮಾತು ಹೇಳಬಾರದಿತ್ತೆ? 'ಕೂರೋಕಾಗ್ತಿಲ್ಲ ಕಣಮ್ಮ' ಅಂತ. ಅಷ್ಟು ಹೇಳಿದ್ದರೆ ಆಗಲೇ ನನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ, ಈ ನಾಲ್ಕು ವರ್ಷ ಇರುತ್ತಲೇ ಇರಲಿಲ್ಲ. ಡಾಕ್ಟರ ಮಾತು ಬಿಟ್ಟು ನನ್ನ ಮಾತು ಹಿಡಿದಿರಂತೆ! ಮಾತೇ ಆಡದ ನಾದಿನಿಯ ಮಾತು! ಅಟ್ಟದಿಂದ ಬಿದ್ದವರಿಗೆ ದಡಿಗೆ ತಗೊಂಡು ಬಡಿಯಬಾರದು ಅಂತ ಇಲ್ಲಿಗೆ ನಿಲ್ಲಿಸುತ್ತೇನೆ, ಉಳಿದದ್ದನ್ನು ಎದುರಿಗೆ ಬಯ್ಯುತ್ತೇನೆ.

ಈಗ ಕೇಳಿ. ನಿಮ್ಮ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿದೆ, ನಿಮ್ಮ ಎಕ್ಸ್‌ರೇಯಲ್ಲಿ ಏನಿದೆ ಅಂತ ಸಾಲು ಸಾಲಾಗಿ ಕೇಳಿಕೊಂಡೆ. ಇದು ಅವರು ಒಪ್ಪಿದ್ದು. ನಿಮ್ಮ ಮೈಗೆ ಮಾತ್ರ. ಅಕ್ಕನಿಗೂ ಅಲ್ಲ, ಪಕ್ಕದ ಮನೆಯವರಿಗೂ ಅಲ್ಲ.

ಅಂಗಾತ ಮಲಗಿ. ಎರಡು ಕಾಲಿನ ನಡುವೆ ದಿಂಬು ಇರಲಿ, ಅದನ್ನು ತೆಗೆಯುವ ಮಾತಿಲ್ಲ. ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ತೊಡೆಯನ್ನು ಬಿಗಿ ಮಾಡಿ, ಮಂಡಿಯ ಹಿಂಬದಿಯನ್ನು ಹಾಸಿಗೆಗೆ ಒತ್ತಿ, ಸ್ವಲ್ಪ ಹೊತ್ತು ಹಿಡಿದು ಬಿಡಿ. ಕುಂಡಿಯ ಸ್ನಾಯುಗಳನ್ನೂ ಹಾಗೇ ಬಿಗಿ ಮಾಡಿ ಬಿಡಿ, ನಗಬೇಡಿ, ಅದೇ ನಿಮ್ಮ ಕೀಲಿನ ಕಾವಲುಗಾರ. ಸದ್ಯಕ್ಕೆ ಇಷ್ಟೇ. ಇದು ಕೂಡ ವ್ಯಾಯಾಮವಾ ಅನ್ನಿಸುತ್ತದೆ, ಹೌದು, ಇದೇ ವ್ಯಾಯಾಮ. ಅಲ್ಲಿಯ ವ್ಯಾಯಾಮದವರು ಬಂದಾಗ ಕಂಬಳಿ ತೆಗೆಯಿರಿ, ಅವರು ಮಾಡಿಸುವುದನ್ನು ಮಾಡಿ. ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಕಾಲ ಮೇಲೆ ಕಾಲು ಹೋಗಬಾರದು. ಪಾದ ಒಳಕ್ಕೆ ತಿರುಗಬಾರದು. ಚಪ್ಪಲಿಯನ್ನು ಉದ್ದ ಹಿಡಿಕೆಯ ಕೊಂಡಿಯಿಂದ ಹಾಕಿಕೊಳ್ಳಿ. ಕುಕ್ಕರುಗಾಲು ಈ ಜನ್ಮಕ್ಕೆ ಇಲ್ಲ. ಅದನ್ನು ಸುತ್ತಿ ಬಳಸಿ ಹೇಳುವುದಿಲ್ಲ, ಇಲ್ಲ ಅಂದರೆ ಇಲ್ಲ. ನಡೆಯುವುದು ಮಾತ್ರ ಇದೆ, ನೀವು ಮನಸ್ಸು ಮಾಡಿದರೆ.

ಇದನ್ನು ಅಕ್ಕ ಓದುವುದು ಬೇಡ. ನೀವೇ ಓದಿಕೊಂಡು ಮಾಡಿ. ನೋವಾದರೆ ಅವಳಿಗೆ ಕೇಳಿಸುವುದಿಲ್ಲ, ಕೈ ಎತ್ತಿ ತೋರಿಸಿ.

ಇನ್ನು ಬಚ್ಚಲು. ಅಕ್ಕ ನನಗೆ ಇಷ್ಟೊಂದು ಟವೆಲ್ ಯಾಕೆ ಅಂತ ವರ್ಷ ವರ್ಷ ಕೇಳುತ್ತಾಳೆ. ಸ್ನಾನಕ್ಕೆ ಮೊದಲು ಎರಡು ಟವೆಲ್ ಸುರುಳಿ ಮಾಡಿ ಬಚ್ಚಲಿನ ಬಾಗಿಲಿಗೆ ಅಡ್ಡ ಇಡುತ್ತೇನೆ, ಆಮೇಲೆ ಹಿಂಡಿ ಹರವುತ್ತೇನೆ. ನಾಲ್ಕು ವರ್ಷದಿಂದ ಅದೇ ನಡೆದಿದೆ. ಟೈಲ್ಸಿನವರು ಎಷ್ಟೋ ಜನ ಬಂದು ನೋಡಿ 'ಯಾರ್ರೀ ಇದನ್ನ ಹಾಕಿದ್ದು, ಕಿತ್ತಾಕಿ' ಅಂದರು. ನಮ್ಮ ಭಾವ ಹಾಕಿದ್ದು, ನೀವು ಮುಟ್ಟುವುದು ಬೇಡ ಅಂತ ಕಳಿಸಿದೆ. ನನ್ನ ಬಾಯಿ ಹಾಗೆ, ಮನೆಯವರಿಗೆ ನಾನು ಏನು ಬೇಕಾದರೂ ಅನ್ನಬಹುದು, ಹೊರಗಿನವರು ಅನ್ನುವಂತಿಲ್ಲ.

ಕೋಲು ಹಿಡಿದು ನಡೆಯುವಷ್ಟಾದ ಮೇಲೆ ಬನ್ನಿ. ಬಚ್ಚಲಿನ ಬಾಗಿಲಲ್ಲಿ ಎತ್ತರದ ಸ್ಟೂಲು ಹಾಕಿಡುತ್ತೇನೆ, ನೀವು ಅದರ ಮೇಲೆ ಕೂತು ಹೇಳಿ. ರಸಮಟ್ಟ ಹಿಡಿದು, ಕೆನ್ನೆ ನೆಲಕ್ಕೆ ಹಚ್ಚಿ ನಾನು ನೋಡುತ್ತೇನೆ. ನನ್ನ ಸೊಂಟ ಚೆನ್ನಾಗಿದೆ, ಎರವಲು ತಗೊಳ್ಳಿ. ನಾನು ಹಾಕಿದ ನೆಲ ಡೊಂಕಾದರೆ ಅದೇ ಗಾದೆಯನ್ನು ಎಲ್ಲರ ಮುಂದೆ ನನಗೆ ಹೇಳಿ.

ಅಕ್ಕನಿಗೆ ಹೇಳಿ, ಇನ್ನೆರಡು ಟವೆಲ್ ಕಳಿಸಲಿ. ಹಳೆಯವು ಹರಿದಿವೆ, ನೀವು ಬರುವವರೆಗೆ ಬೇಕು.

ನಾದಿನಿ